ಡಾಕ್ಟರ್ ಬಾಯಾರ ಮೀನೂ ಮಾನಮಿ ಒಗ್ಯಾಣವೂ

ಜಮಖಂಡಿಯಲ್ಲಿ ಯಾವ ವಿಷಯ ಎತ್ತಿದರೂ "ಅದರಾಗೇನೈತಿ" ಎನ್ನುವ ಮನುಷ್ಯನೊಬ್ಬನಿದ್ದ. ಹೆಸರು ಪರಮಾನಂದ. ಕೆಲಸ, ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿ ತೂಗುವುದು. ನೀರೆತ್ತುವ ಮೋಟಾರು ಕೆಟ್ಟರೆ ಅದರಾಗೇನೈತಿ, ಓಣಿಯವರ ಟಿವಿ ಕೆಟ್ಟರೆ ಅದರಾಗೇನೈತಿ ಎಂದು ಸ್ಕ್ರೂಡ್ರೈವರ್ ಹಿಡಿದು ಕೂತುಬಿಡುತ್ತಿದ್ದ. ಅದರಲ್ಲಿ ಏನೇನಿತ್ತು ಎಂಬುದು ಬಿಚ್ಚಿದ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ತಿರುಗಿ ಜೋಡಿಸಲು ಮಾತ್ರ ಬೇರೆಯವರು ಬರಬೇಕಾಗುತ್ತಿತ್ತು.

ಇಂಥವನ ಬಾಯಿ ಕಟ್ಟುವ ಜಾಗ ಇಡೀ ಊರಿಗೆ ಒಂದೇ, ಡಾಕ್ಟರ್ ಶುಭದಾಬಾಯಿಯವರ ದವಾಖಾನೆ. ಮಗಳು ಮಾಯಾ ಹುಟ್ಟುವಾಗ ಹೆಂಡತಿ ಅನುರಾಧಾಳ ಜೀವ ಹೋಗಿ ಬಂದಂತಾಗಿತ್ತು. ಕೂಸು ಹೊರಗೆ ಬಂದರೂ ಅಳಲಿಲ್ಲ, ಮೈ ನೀಲಿಗಟ್ಟಿತ್ತು. ಶುಭದಾಬಾಯಿ ಅದರ ಬೆನ್ನು ತಿಕ್ಕಿ, ಬಾಯಿಗೆ ಉಸಿರು ಕೊಟ್ಟು, ಅದು ಕಿರ್ರನೆ ಚೀರುವ ತನಕ ಬಿಡಲಿಲ್ಲ. ಅಂದಿನಿಂದ ಪರಮಾನಂದನಿಗೆ ಆ ಬಾಯಿಯವರಿಗೆ ಒಂದು ಒಳ್ಳೆಯ ಮಾತು ಹೇಳಬೇಕೆಂಬ ಆಸೆ. ಹೇಳಲೆಂದೇ ಎಷ್ಟೋ ಸಲ ಹೋಗಿದ್ದ. ಎದುರಿಗೆ ನಿಂತೊಡನೆ ನಾಲಿಗೆ ಅಂಟಿಕೊಂಡು, "ಬಿಸಲು ಭಾಳ ಐತ್ರಿ ಬಾಯಾರ" ಎಂದಷ್ಟೇ ಹೇಳಿ ಬರುತ್ತಿದ್ದ. ಧೋ ಎಂದು ಮಳೆ ಸುರಿಯುವ ದಿನವೂ ಅದನ್ನೇ ಹೇಳಿದ್ದನೆಂದು ಅಲ್ಲಿನ ನರ್ಸುಗಳು ಇವತ್ತಿಗೂ ನಗುತ್ತಾರೆ.

ಮಾಯಾ ಶಾಲೆಗೆ ಹೋಗುವಷ್ಟು ದೊಡ್ಡವಳಾದ ಕಾಲಕ್ಕೆ, ಒಂದು ಭಾದ್ರಪದದಲ್ಲಿ, ಶುಭದಾಬಾಯಿ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಪುಣೆಗೆ ಹೊರಟರು. ಮನೆಯಲ್ಲಿ ಅವರೊಬ್ಬರೇ. ಜೊತೆಗಿದ್ದದ್ದು ಗಾಜಿನ ತೊಟ್ಟಿಯಲ್ಲಿನ ಮೀನು ಮಾತ್ರ. ಕೆಲವು ಕಪ್ಪು, ಕೆಲವು ಕೇಸರಿ. ದಿನವಿಡೀ ಮಂದಿಯ ನರಳಾಟ ಕೇಳಿ ಬಂದವರು, ಆ ಮಾತಾಡದ ಜೀವಗಳ ಮುಂದೆ ಕೂತು ಚಹಾ ಕುಡಿಯುತ್ತಿದ್ದರು. ತಾವು ಬರುವತನಕ ಇವನ್ನು ನೋಡಿಕೊಳ್ಳುವವರು ಯಾರು ಎಂದು ಅವರು ನರ್ಸನ್ನು ಕೇಳುತ್ತಿದ್ದಾಗ, ಕೆಮ್ಮಿನ ಔಷಧಕ್ಕೆ ಬಂದಿದ್ದ ಪರಮಾನಂದ ಬೆಂಚಿನಿಂದ ಎದ್ದು ನಿಂತ.

"ಅದರಾಗೇನೈತ್ರಿ ಬಾಯಾರ! ಹಿಪ್ಪರಗಿ ಹೊಳಿ ದಂಡಿ ಮ್ಯಾಲ ಹುಟ್ಟಿದಾಂವ ನಾ. ಮೀನಂದ್ರ ನಮಗ ನೆರಿಮನ್ಯಾವ್ರು ಇದ್ದಂಗ."

ಹಿಪ್ಪರಗಿಯಲ್ಲಿ ಹುಟ್ಟಿದ್ದು ಖರೆ. ಆದರೆ ಅವನ ಮನೆತನದವರು ತಲೆತಲಾಂತರದಿಂದ ಕುರಿ ಕಾಯ್ದವರು. ಹೊಳೆಯೊಳಗೆ ಏನಿದೆ ಎಂದು ಅವರು ಯಾವತ್ತೂ ಬಗ್ಗಿ ನೋಡಿದವರಲ್ಲ.

"ಛಲೋ ಆತು," ಎಂದರು ಶುಭದಾಬಾಯಿ. "ನೀರಿನ ವಿಷಯ ಒಂದು ಜ್ವಾಕಿ. ನಲ್ಲಿ ನೀರು ಸೀದಾ ಹಾಕಬ್ಯಾಡ. ಮತ್ತ ಆ ಫಿಲ್ಟರ್ ಸ್ಪಂಜ್ ಐತಲ್ಲ, ಅದನ್ನ..."

"ಗೊತ್ತೈತ್ರಿ, ಗೊತ್ತೈತ್ರಿ. ನೀವು ಆರಾಮ ಹೋಗಿ ಬರ್ರಿ."

ಸ್ಪಂಜನ್ನು ಏನು ಮಾಡಬೇಕು, ಏನು ಮಾಡಬಾರದು ಎಂಬ ಆ ಮಾತಿನ ಉಳಿದರ್ಧ ಬಾಯಿಯವರ ಜೊತೆ ಪುಣೆಯ ಬಸ್ಸು ಹತ್ತಿತು.

ತೊಟ್ಟಿ ಪರಮಾನಂದನ ಪಡಸಾಲೆಗೆ ಬಂತು. ಅವನ ತಾಯಿ ಸೋಮವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕುಲದೇವರು ಬೀರಪ್ಪನ ಭಂಡಾರದ ಅರಿಶಿನವನ್ನು ಗಾಜಿನ ಹಣೆಗೆ ಹಚ್ಚಿ, "ಡಾಕ್ಟರ್ ಬಾಯಾರ ಮೀನು ಅಂದ್ರ ನಮ್ಮ ಮನಿ ದೇವ್ರು ಇದ್ದಂಗ. ಇವಕ್ಕ ಹಾಲು ಹಾಕೂನೇನಲೇ?" ಎಂದಳು. ಹಾಲು ಬೇಡವೆಂದು ಒಪ್ಪಿಸುವುದರಲ್ಲಿ ಒಂದು ಹೊತ್ತು ಹೋಯಿತು.

ಕಾರ್ಖಾನೆಯ ಹಂಗಾಮು ಇನ್ನೂ ಶುರುವಾಗಿರಲಿಲ್ಲ, ಕೈಗೆ ಬಿಡುವಿತ್ತು. ಪರಮಾನಂದ ನೀರು ಶುದ್ಧ ಮಾಡುವ ಯಂತ್ರ ಕಟ್ಟಲು ನಿಂತ. ಹಿತ್ತಲಲ್ಲಿ ಬಿದಿರಿನ ನಿಲುವು ಮಾಡಿ, ಒಂದರ ಮೇಲೊಂದು ಗಡಿಗೆ ಇಟ್ಟ. ಮೇಲಿನದರಲ್ಲಿ ಹೊಳೆಯ ಹರಳು, ನಡುವಿನದರಲ್ಲಿ ಉಸುಕು, ಕೆಳಗಿನದರಲ್ಲಿ ಇಸ್ತ್ರಿ ಅಂಗಡಿಯಿಂದ ತಂದ ಇದ್ದಿಲು. ಎಲ್ಲದರ ತಳಕ್ಕೂ ತೂತು, ತೂತಿಗೆ ಬಟ್ಟೆ. ನಲ್ಲಿ ನೀರನ್ನು ಒಂದು ದಿನ ಬಿಸಿಲಿಗಿಟ್ಟು, ಬ್ಲೀಚಿಂಗ್ ವಾಸನೆ ಹೋದ ಮೇಲೆ ಮೇಲಿನ ಗಡಿಗೆಗೆ ಸುರಿದರೆ, ಕೆಳಗೆ ತೊಟ್ಟು ತೊಟ್ಟಾಗಿ ನೀರು ಇಳಿಯುತ್ತಿತ್ತು. ಮೊದಲ ದಿನ ಮಸಿ ನೀರು, ಎರಡನೆಯ ದಿನ ಕೆಂಪು ನೀರು, ಆಮೇಲೆ ನಿಜಕ್ಕೂ ತಿಳಿನೀರು. ಅವನು ಕಟ್ಟಿದ ಯಂತ್ರವೊಂದು ಹೇಳಿದ ಕೆಲಸ ಮಾಡಿದ್ದು ಅದೇ ಮೊದಲು. ಅನುರಾಧಾ ಆ ನೀರನ್ನು ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿ, ಗಂಡನ ಕಡೆಗೂ ಒಮ್ಮೆ ನೋಡಿ ಒಳಗೆ ಹೋದಳು. ಅವನಿಗೆ ಅಷ್ಟು ಸಾಕಿತ್ತು.

ಪಕ್ಕದ ಮನೆಯ ಗುರುಬಸವ್ವನಿಗೆ ಸಾಕಾಗಲಿಲ್ಲ. "ಮನುಷ್ಯಾರು ಬೋರಿನ ಸವಳ ನೀರು ಕುಡಿಯೂದು, ಮೀನಿಗೆ ಗಾಳಿಸಿದ ನೀರು! ನಮ್ಮ ಹುಳಿಗೆ ಬ್ಯಾಳಿ ಬೇಯಾಕ ಒಂದು ತಂಬಿಗಿ ಕೊಡಪಾ," ಎಂದು ಗೋಡೆಯಾಚೆಯಿಂದ ಕೈ ಚಾಚಿದಳು. ಬೇಳೆ ಬೆಂದಿತು. ಮರುದಿನದಿಂದ ಓಣಿಯ ತಂಬಿಗೆಗಳೆಲ್ಲ ಸಾಲು ಹಚ್ಚಿದವು. ಪರಮಾನಂದ ಕೊಟ್ಟ, ಕೊಡುತ್ತ ಹೋದ. ಡಾಕ್ಟರ್ ಬಾಯಿಯವರ ಹೆಸರಲ್ಲಿ ಏನು ಕೊಟ್ಟರೂ ಕಡಿಮೆಯೇ ಎನಿಸುತ್ತಿತ್ತು ಅವನಿಗೆ.

ಹೀಗೆ ಎಲ್ಲ ಸುಸೂತ್ರ ನಡೆದಿರುವಾಗ ಮಾನಮಿ ಬಂತು.

ಈ ಕಡೆ ಮಹಾನವಮಿಗೆ, ಅಮಾವಾಸ್ಯೆಯ ಮರುದಿನ ದೇವರ ಮುಂದೆ ಘಟ ಹಾಕುವ ಮುಂಚೆ ಮನೆಯಲ್ಲಿ ಒಗೆಯದ ವಸ್ತು ಇರಬಾರದು. ಹಾಸಿಗೆ, ಕೌದಿ, ಕಂಬಳಿ, ಪಾತ್ರೆ, ಪರದೆ, ಕೊನೆಗೆ ಕಾಲೊರಸುವ ಚಿಂದಿ ಕೂಡ ಟ್ರ್ಯಾಕ್ಟರು ಹತ್ತಿ ಹೊಳೆಗೆ ಹೋಗಬೇಕು. ಇದನ್ನೇ ಮಾನಮಿ ಒಗ್ಯಾಣ ಎನ್ನುತ್ತಾರೆ. ಆ ದಿನಗಳಲ್ಲಿ ಕೃಷ್ಣೆಯ ದಂಡೆ ಉದ್ದಕ್ಕೂ ಕೌದಿ ಹರವಿ ಕಲ್ಲು ಕಾಣದಂತಾಗುತ್ತದೆ. ಗಂಡಸರು ಆ ಸಮಯದಲ್ಲಿ ಮನೆಯಲ್ಲಿ ಇರುವುದಿಲ್ಲ, ಇದ್ದರೆ ಅವರನ್ನೂ ಒಗೆದುಬಿಡುತ್ತಾರೆ ಎಂಬ ಭಯ. ಪರಮಾನಂದ ಅವತ್ತು ಕಾರ್ಖಾನೆಯ ಗಾಡಿ ತೂಗುವ ಕಾಟಾಕ್ಕೆ ಎಣ್ಣೆ ಬಿಡುತ್ತೇನೆಂದು ಹೋಗಿದ್ದ.

ಸೋಮವ್ವ ಮನೆಯನ್ನೆಲ್ಲ ಖಾಲಿ ಮಾಡಿ ಟ್ರ್ಯಾಕ್ಟರಿಗೆ ಹಾಕಿಸಿ, ಕೊನೆಗೊಮ್ಮೆ ತಿರುಗಿ ನೋಡಿದಳು. ತೊಟ್ಟಿಯ ಮೂಲೆಯಲ್ಲಿ ಕಂದು ಬಣ್ಣದ ಲೋಳೆ ಹಿಡಿದ ಸ್ಪಂಜು ಗುಳುಗುಳು ಮಾಡುತ್ತಿತ್ತು. ತಳದ ಹರಳಿನ ಸಂದಿಯಲ್ಲೆಲ್ಲ ರಾಡಿ.

"ಯವ್ವಾ ಶಿವನ! ಬಾಯಾರು ಬಂದು ನೋಡಿದ್ರ ಏನಂದಾರು? ಕುರುಬರ ಮನ್ಯಾಗ ಮೀನಿಗೆ ಹಾಸಿಗಿ ಸೈತ ಒಗದು ಕೊಡಲಿಲ್ಲ ಅಂದಾರು," ಎಂದವಳೇ ಮೀನುಗಳನ್ನು ಹಿತ್ತಾಳೆ ಕೊಡಕ್ಕೆ ತುಂಬಿ ಸ್ಪಂಜನ್ನೂ ಹರಳನ್ನೂ ಬುಟ್ಟಿಗೆ ಹಾಕಿದಳು. ಹೊಳೆಯಲ್ಲಿ ಅದಕ್ಕೆ ಸಾಬೂನು ಹಚ್ಚಿ, ಕಲ್ಲಿಗೆ ಕುಕ್ಕಿ, ಹಿಂಡಿ, ಕೌದಿಯ ಪಕ್ಕ ಬಿಸಿಲಿಗೆ ಒಣಗಿಸಿದಳು. ಸಂಜೆ ಬಂದು ತೊಟ್ಟಿಯನ್ನು ರಂಗೋಲಿ ಪುಡಿಯಿಂದ ತಿಕ್ಕಿ, ಮಗನ ಗಡಿಗೆಯ ತಿಳಿನೀರನ್ನೇ ತುಂಬಿ, ಮೀನು ಬಿಟ್ಟಳು.

ಪರಮಾನಂದ ಮನೆಗೆ ಬಂದು ನೋಡಿದ. ಗಾಜು ಇದೆಯೋ ಇಲ್ಲವೋ ತಿಳಿಯದಷ್ಟು ಸ್ವಚ್ಛ! ಅವನ ಎದೆ ತುಂಬಿ ಬಂತು. "ಯವ್ವಾ, ನೀ ಯವ್ವಲ್ಲ, ಸಾಕ್ಷಾತ್..." ಎಂದು ಮಾತು ಮುಗಿಸಲಾರದೆ ಓಣಿಯವರನ್ನೆಲ್ಲ ಕರೆದು ತೋರಿಸಿದ. ಗುರುಬಸವ್ವ ಕೂಡ ತಪ್ಪು ಹುಡುಕಲಾಗದೆ ಗಲ್ಲದ ಮೇಲೆ ಕೈ ಇಟ್ಟುಕೊಂಡಳು.

ಮರುದಿನ ನೀರು ಕೊಂಚ ಮಬ್ಬಾಯಿತು. ಅದರ ಮರುದಿನ, ಅಂದರೆ ಅಮಾವಾಸ್ಯೆಯ ಬೆಳಿಗ್ಗೆ, ತೊಟ್ಟಿಯಲ್ಲಿ ಹಾಲು ಹೊಯ್ದಂತಾಗಿತ್ತು. ಪರಮಾನಂದ ಮೊದಲು ತಾಯಿಯ ಮೇಲೆಯೇ ಸಂಶಯಪಟ್ಟ. ಅವಳು ಬೀರಪ್ಪನ ಆಣೆ ಮಾಡಿದಳು. ಮೀನುಗಳೆಲ್ಲ ಮೇಲಕ್ಕೆ ಬಂದು, ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು.

"ಹಸದಾವ," ಎಂದು ತೀರ್ಪು ಕೊಟ್ಟು ಅವನು ಮುಷ್ಟಿ ತುಂಬ ಆಹಾರ ಹಾಕಿದ. ಅವು ತಿನ್ನಲಿಲ್ಲ. ಒಂದು ಕಪ್ಪು ಮೀನು ಓರೆಯಾಗಿ ತೇಲಿತು. ಉಸಿರಿಗಾಗಿ ಬಾಯಿ ಬಿಡುವ ಜೀವವನ್ನು ಪರಮಾನಂದ ಹಿಂದೆ ಒಮ್ಮೆ ನೋಡಿದ್ದ, ಅದೂ ಈ ಬಾಯಿಯವರ ಕೈಯಲ್ಲಿಯೇ. ಶುಭದಾಬಾಯಿ ಮರುದಿನ ಬರುವವರಿದ್ದರು.

ಸಾಂಗ್ಲಿಯ ಮೀನಿನ ಅಂಗಡಿಯವನ ಮೊಬೈಲ್ ನಂಬರನ್ನು ಬಾಯಿಯವರು ತೊಟ್ಟಿಯ ಮುಚ್ಚಳದ ಮೇಲೆ ಅಂಟಿಸಿದ್ದರು. ಫೋನು ಹಚ್ಚಿ ಎಲ್ಲ ಹೇಳಿದ. ಆ ಕಡೆಯವನು ತಿರುಗಿ ಕೇಳಿದ.

"ಸಾಬೂನು ಹಚ್ಚಿ ತೊಳದ್ರಿ?"

"ಹೌದ್ರಿ. ಕಲ್ಲಿಗೆ ಕುಕ್ಕಿ."

"ಅರೆ ದೇವಾ! ಸಾಹೇಬರ, ಮೀನಿನ ಹೊಲಸಿನಿಂದ ನೀರಾಗ ವಿಷ ಆಗ್ತದ. ಆ ವಿಷ ತಿನ್ನೂ ಸೂಕ್ಷ್ಮ ಜೀವ ಎಲ್ಲಾ ಆ ಸ್ಪಂಜಿನ ಲೋಳ್ಯಾಗ ಇರ್ತಾವ. ನೀವು ಅವನ್ನೆಲ್ಲಾ ಕೊಂದು ಬಂದ್ರಿ. ಈಗ ಒಂದs ಹಾದಿ. ಯಾರದರೆ ಮನ್ಯಾಗ ಹಳೀ ಮೀನಿನ ತೊಟ್ಟಿ ಇದ್ರ, ಅದರ ಹೊಲಸು ಫಿಲ್ಟರ್ ತಂದು ಹಚ್ಚರಿ. ಎಷ್ಟು ಹೊಲಸು ಇದ್ರ ಅಷ್ಟು ಛಲೋ. ಲಗೂನ!"

ಜಮಖಂಡಿ ಪಟ್ಟಣ ವರ್ಷದಲ್ಲೇ ಅತ್ಯಂತ ಸ್ವಚ್ಛವಾಗಿರುವ ದಿನ ಅದು. ಆ ದಿನವೇ ಪರಮಾನಂದ ಹೊಲಸು ಹುಡುಕುತ್ತ ಹೊರಬಿದ್ದ.

ಗಡಿಬಿಡಿಯಲ್ಲಿ ಪೂರ್ತಿ ಮಾತು ಯಾರಿಗೂ ಹೇಳಲಿಲ್ಲ. ಬಾಗಿಲು ಬಾಗಿಲಿಗೆ ನಿಂತು, "ನಿಮ್ಮನ್ಯಾಗ ಹೊಲಸು ಐತೇನ್ರಿ? ಹಳೇದು ಬೇಕು. ಲೋಳಿ ಹಿಡದದ್ದು," ಎಂದು ಕೇಳಿದ. ಮೂರು ದಿನ ಸೊಂಟ ಮುರಿದುಕೊಂಡು ಒಗೆದ ಹೆಂಗಸರ ಮುಂದೆ ಕೇಳುವ ಮಾತೇ ಇದು? ಒಬ್ಬಳು ಬಾಗಿಲು ಹಾಕಿಕೊಂಡಳು. ಇನ್ನೊಬ್ಬಳು ಬಾಗಿಲು ತೆರೆದಿಟ್ಟುಕೊಂಡೇ ಬೈದಳು.

"ಅಮಾಸಿ ದಿನ ಮಂದಿ ಮನಿ ಹೊಲಸು ಕೇಳಾಕತ್ತಾನ! ಏನೋ ಮಾಟಾ ಮಾಡಾಂವ ಇರಬೇಕು," ಎಂದು ಗುರುಬಸವ್ವ ಕಟ್ಟೆಯ ಮೇಲೆ ಕೂತು ಘೋಷಿಸಿದಳು. "ನೀರು ಗಾಳಸೂ ಮುಂದನ ನನಗ ಸಂಶೇ ಬಂದಿತ್ತು." ಅದೇ ನೀರಿನಲ್ಲಿ ಬೆಂದ ಬೇಳೆ ಆಗ ಅವಳ ಒಲೆಯ ಮೇಲೆಯೇ ಇತ್ತು.

ಸುದ್ದಿ ಊರ ಸ್ವಚ್ಛತೆಯ ಇನ್ಸ್‌ಪೆಕ್ಟರ್ ಅಣ್ಣಾಸಾಹೇಬರ ಕಿವಿಗೆ ಬಿತ್ತು. ಸ್ಕೂಟರ್ ಹತ್ತಿ ಬಂದು ಅವರು ಪರಮಾನಂದನನ್ನು ನಡುಬೀದಿಯಲ್ಲಿ ನಿಲ್ಲಿಸಿದರು.

"ಏನಪಾ, ಹೊಲಸು ಬೇಕಂತಲ್ಲ ನಿನಗ? ನನ್ನ ಇಡೀ ನೌಕರಿಯೊಳಗ ಹೊಲಸು ಒಯ್ಯಿರಿ ಅನ್ನಾವರನ್ನ ನೋಡೀನಿ, ಹೊಲಸು ಕೊಡ್ರಿ ಅನ್ನಾವ ನೀನs ಮೊದಲನೇದಾಂವ. ಬಾ, ಕುಂದ್ರು. ಗಟಾರದ ತುಂಬ ಐತಿ, ಎಷ್ಟು ಬೇಕು ಅಷ್ಟು ಒಯ್ಯಿ. ಮ್ಯಾಲ ಒಂದು ಶಾಲೂ ಹೊಚ್ಚತೇನಿ."

"ಗಟಾರದ್ದು ನಡಿಯೂದಿಲ್ರಿ ಸಾಹೇಬರ. ಮೀನಿನ ಹೊಲಸು ಬೇಕು," ಎಂದ ಪರಮಾನಂದ. ಹಾಗೆ ಅಂದವನೇ ನಡುಬೀದಿಯಲ್ಲಿ ಅಳತೊಡಗಿದ. ಅಳುತ್ತ ಎಲ್ಲವನ್ನೂ ಹೇಳಿದ: ಮೀನು ಯಾರವು, ಮಾಯಾ ಹುಟ್ಟಿದ ದಿನ ಏನಾಯಿತು, ತಾನು ಬಾಯಿಯವರಿಗೆ ಬಿಸಿಲಿನ ಸುದ್ದಿ ಬಿಟ್ಟು ಬೇರೇನೂ ಹೇಳಲಾರದ್ದು, ನಾಳೆ ಅವರೆದುರು ಯಾವ ಮುಖ ಹೊತ್ತು ನಿಲ್ಲಲಿ ಎಂಬುದು.

ಅಣ್ಣಾಸಾಹೇಬರು ಟೋಪಿ ತೆಗೆದು ತಲೆ ಕೆರೆದರು. ಅವರ ಮೊಮ್ಮಗನೂ ಶುಭದಾಬಾಯಿಯವರ ಕೈಯಲ್ಲಿಯೇ ಹುಟ್ಟಿದವನು. "ಗಿರಿಮಲ್ಲಪ್ಪನ ಸಲೂನು!" ಎಂದರು ಒಮ್ಮೆಲೆ. "ಹತ್ತು, ಸ್ಕೂಟರ್ ಹತ್ತು!"

ಗಿರಿಮಲ್ಲಪ್ಪನ ಸಲೂನಿನಲ್ಲಿ ಒಂದು ತೊಟ್ಟಿ ಇತ್ತು. ಕೂತ ಗಿರಾಕಿ ಬೇಸರಪಡಬಾರದೆಂದು ಯಾವ ಕಾಲಕ್ಕೋ ಇಟ್ಟದ್ದು, ಇಟ್ಟ ಮೇಲೆ ತೊಳೆದದ್ದಿಲ್ಲ. ಒಳಗೆಲ್ಲ ಹಸಿರು ಪಾಚಿ. ಅದರಲ್ಲಿ ಮೀನಿದೆ ಎಂಬುದು ಗಿರಿಮಲ್ಲಪ್ಪನ ಮಾತಿನಿಂದ ಮಾತ್ರ ತಿಳಿಯುತ್ತಿತ್ತು. ವರ್ಷ ವರ್ಷ ಮಾನಮಿಗೆ ಹೆಂಡತಿ ಲಗಮವ್ವ ಅದನ್ನು ತಿಕ್ಕಲು ಹೊರಡುವಳು. "ಖಂಡೇ ಪೂಜಿಗೆ ನಾನs ತೊಳೀತೇನಿ" ಎಂದು ಅವನು ತಡೆಯುವನು, ಆಯುಧಪೂಜೆಯ ಆ ದಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಊದುಬತ್ತಿ ಬೆಳಗುವನು. ಈ ವರ್ಷ ಲಗಮವ್ವನ ತಾಳ್ಮೆ ಮುಗಿದಿತ್ತು. ಸ್ಕೂಟರ್ ಹತ್ತಿರ ಬರುವಾಗ ಅವಳು ಸೆರಗು ಸಿಕ್ಕಿಸಿ, ಒಂದು ಕೈಯಲ್ಲಿ ಸಾಬೂನಿನ ಬಕೆಟ್ಟು, ಇನ್ನೊಂದರಲ್ಲಿ ತೆಂಗಿನ ಜುಂಜು ಹಿಡಿದು ತೊಟ್ಟಿಯ ಮುಂದೆ ನಿಂತಿದ್ದಳು. ಗಿರಿಮಲ್ಲಪ್ಪ ಒಬ್ಬ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಅವಳ ಕಾಲು ಹಿಡಿಯುವುದೊಂದು ಬಾಕಿ.

"ತಿಕ್ಕಬ್ಯಾಡ್ರೀ!" ಎಂದು ಪರಮಾನಂದ ಚಲಿಸುವ ಸ್ಕೂಟರಿನಿಂದಲೇ ಕೂಗಿದ. "ನಿಮ್ಮ ಹೊಲಸು ಉಳಸ್ರಿ ಯಕ್ಕಾ!"

ಕತೆ ಕೇಳಿ ಗಿರಿಮಲ್ಲಪ್ಪನ ಮುಖ ಅರಳಿತು. ಜೀವಮಾನದಲ್ಲಿ ಮೊದಲ ಸಲ ಅವನ ಸೋಮಾರಿತನವನ್ನು ಹುಡುಕಿಕೊಂಡು ಸರಕಾರಿ ಅಧಿಕಾರಿ ಬಂದಿದ್ದ. "ಒಯ್ಯಪಾ, ಫಿಲ್ಟರ್ ಒಯ್ಯಿ, ಪಾಚಿ ಒಯ್ಯಿ!" ಎಂದ.

ಲಗಮವ್ವ ಜುಂಜು ಕೆಳಗಿಡಲಿಲ್ಲ. "ಅಮಾಸಿ ದಿನ ಮನ್ಯಾಗಿಂದು ಒಂದು ಕಡ್ಡಿ ಸೈತ ಹೊರಗ ಹೋಗಬಾರದು. ನಾಳೆ ಘಟ ಹಾಕೂದೈತಿ. ಇವತ್ತ ಕೊಟ್ರ ಮನಿ ಲಕ್ಷ್ಮಿನs ಕೊಟ್ಟಂಗ."

"ಅದು ಲಕ್ಷ್ಮಿ ಅಲ್ಲಬೇ, ಲೋಳಿ!" ಎಂದ ಗಂಡ.

"ಲೋಳಿ ಆದ್ರೂ ನಮ್ಮನಿದು!"

ಅರ್ಧ ಗಡ್ಡದ ಗಿರಾಕಿ ಲಗಮವ್ವ ಹೇಳುವುದು ಬರೋಬ್ಬರಿ ಎಂದ. ಅಣ್ಣಾಸಾಹೇಬರು ಕಾಯಿದೆಯ ಮಾತು ತೆಗೆದರು. ಲಗಮವ್ವ ಬಕೆಟ್ಟು ಎತ್ತಿದಳು. ಅವರು ಕಾಯಿದೆ ಬಿಟ್ಟರು. ಪರಮಾನಂದ ಕೈಮುಗಿದು ನಿಂತ. ಅಲ್ಲಿ ಬಾಯಿಬಿಡುತ್ತಿರುವ ಮೀನೇ ಅವನ ಕಣ್ಣ ಮುಂದೆ.

"ಯಕ್ಕಾ, ಕೊಡಬ್ಯಾಡ್ರಿ. ಹೊರಗ ಏನೂ ಕೊಡಬ್ಯಾಡ್ರಿ. ಆದ್ರ ಅಮಾಸಿ ದಿನ ಮನಿಗೆ ಬೀಗರು ಬಂದ್ರ ಒಳಗ ಕರೀತೀರೋ ಇಲ್ಲೋ?"

ಲಗಮವ್ವ ಯೋಚಿಸಿದಳು. "ಬಂದಾವರನ್ನ ಹೆಂಗ ಬ್ಯಾಡ ಅನ್ನಾಕ ಬರ್ತೈತಿ?" ಎಂದು ಜುಂಜು ಕೆಳಗಿಟ್ಟಳು.

ಆ ಮಧ್ಯಾಹ್ನ ಜಮಖಂಡಿಯ ಹಬ್ಬದ ಸಂತೆಯ ನಡುವೆ ಒಂದು ಮೆರವಣಿಗೆ ಹೋಯಿತು. ಮುಂದೆ ಸ್ಕೂಟರಿನ ಹಾರ್ನು ಬಿಡದೆ ಒತ್ತುತ್ತ ಅಣ್ಣಾಸಾಹೇಬರು, ಹಿಂದೆ ಮೀನಿನ ಹಿತ್ತಾಳೆ ಕೊಡ ಹೊತ್ತ ಪರಮಾನಂದ, ಅವನ ಪಕ್ಕ ಕೊಡದ ಬಾಯಿಗೆ ಬೀಸಣಿಗೆ ಬೀಸುತ್ತ ಸೋಮವ್ವ, ಹಿಂದೆ ಅನುರಾಧಾ ಮತ್ತು ಮಾಯಾ. ಏನೋ ದೇವರು ಹೊರಟಿದೆಯೆಂದು ಮಂದಿ ಚಪ್ಪಲಿ ಬಿಟ್ಟು ಕೈಮುಗಿದರು. ಅವರ ಜೊತೆ ಗುರುಬಸವ್ವನೂ ಮುಗಿದಳು, ಒಳಗೆ ಏನಿದೆಯೆಂದು ತಿಳಿದ ಮೇಲೆ ಮನೆಗೆ ಓಡಿ ಹೋಗಿ ತಿರುಗಿ ಸಲೂನಿಗೇ ಬಂದಳು. ಬರುವಾಗ ಗಡಿಗೆಯ ತಿಳಿನೀರಿನ ತನ್ನ ಪಾಲಿನ ತಂಬಿಗೆಯನ್ನೂ ತಂದಿದ್ದಳು. "ಬೇಕಾದೀತು ಅಂತ," ಎಂದಳು ಯಾರನ್ನೂ ನೋಡದೆ.

ಸಾಂಗ್ಲಿಯವನು ಫೋನಿನಲ್ಲಿ ಹೇಳಿದಂತೆ ಕೊಡದೊಳಗೆ ಹಸಿರು ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಬೇಕಿತ್ತು. ಆ ಕೆಲಸ ಲಗಮವ್ವ ವಹಿಸಿಕೊಂಡಳು. ದಾರಿ ನಡೆದು ದಣಿದು ಬಂದವರಿಗೆ ಕೊಡುವ ಹಾಗೆ ಚಮಚದಿಂದ ಹಾಕುತ್ತ, "ಕುಡೀರ್ಯವ್ವಾ, ಸಾವಕಾಶ ಕುಡೀರಿ," ಎಂದಳು. ಹೊತ್ತು ಇಳಿಯುವ ಮೊದಲು ಮೀನು ಒಂದೊಂದೇ ಹಸಿರು ತೊಟ್ಟಿಯೊಳಗೆ ಹೋಗಿ ಕಾಣದಾದವು. ಬದುಕಿದವೋ ಸತ್ತವೋ ಹೇಳುವವರು ಯಾರೂ ಇಲ್ಲ. ಪಾಚಿ ಅಷ್ಟು ದಟ್ಟವಾಗಿತ್ತು.

ಮರುದಿನ ಘಟ ಹಾಕಿದ ಮೇಲೆ ಶುಭದಾಬಾಯಿ ಬಸ್ಸಿಳಿದು ನೇರ ಪರಮಾನಂದನ ಮನೆಗೆ ಬಂದರು. ಖಾಲಿ ತೊಟ್ಟಿ ನೋಡಿ ಅವರ ಮುಖ ಸಣ್ಣದಾಯಿತು. ಪರಮಾನಂದ ಬಿಸಿಲಿನ ಮಾತನ್ನೂ ಆಡಲಾರದೆ ಅವರನ್ನು ಸಲೂನಿಗೆ ಕರೆದುಕೊಂಡು ನಡೆದ. ದಾರಿಯುದ್ದಕ್ಕೂ ಸೋಮವ್ವ, "ನಾನs ಒಗದೇನ್ರಿ ಬಾಯಾರ, ಬೈಯೂದಿದ್ರ ನನಗ ಬೈರಿ," ಎನ್ನುತ್ತ ಬಂದಳು.

ಸಲೂನಿನ ಮುಂದೆ ಜನವೋ ಜನ. ಗಿರಿಮಲ್ಲಪ್ಪ ಕತ್ತರಿ ಹಿಡಿದೇ ಎದುರು ಓಡಿ ಬಂದ. "ಬರ್ರಿ ಬಾಯಾರ, ಲಗೂನ ಬರ್ರಿ! ಹೆರಿಗಿ ಆಗೈತ್ರಿ!"

ಡಾಕ್ಟರಾದವರಿಗೆ ಆ ಮಾತು ಕೇಳಿದರೆ ಕಾಲು ತಾನೇ ಓಡುತ್ತದೆ. ಒಳಗೆ ಹೋಗಿ ನೋಡಿದರೆ, ಗಾಜಿನಲ್ಲಿ ಅಂಗೈಯಗಲ ಜಾಗ ಒರೆಸಿಟ್ಟಿದ್ದರು. ಅದರಾಚೆ, ಮೊಟ್ಟೆಯಿಡದೆ ಮರಿ ಹಾಕುವ ಜಾತಿಯ ಕಪ್ಪು ಮೀನೊಂದು ಆರಾಮ ಈಜುತ್ತಿತ್ತು; ಕೇಸರಿಯವೂ ಸುಳಿದು ಹೋದವು. ಪಾಚಿಯ ಎಳೆಗಳ ನಡುವೆ ಸಾಸಿವೆ ಕಾಳಿಗೆ ಬಾಲ ಬಂದಂಥ ಮರಿಗಳು ಎಷ್ಟೋ.

ಶುಭದಾಬಾಯಿ ಗಿರಾಕಿಗಳ ಕುರ್ಚಿಯ ಮೇಲೆ ಕೂತುಬಿಟ್ಟರು. "ಬಾಣಂತನ ಯಾರು ಮಾಡಿದ್ರು?" ಎಂದರು.

"ನಾನ್ರೀ," ಎಂದಳು ಲಗಮವ್ವ. "ಮತ್ತ ಇಷ್ಟs ಲಗೂ ಕಳಸೂದಿಲ್ರಿ. ಹಸೀ ಬಾಣಂತಿ ಅಕಿ. ಐದು ತಿಂಗಳಾಗಲಿ, ಉಡಿ ತುಂಬಿ ಕಳಸ್ತೇನಿ."

"ಆತು. ಎಲ್ಲಾ ಬಾಣಂತ್ಯಾರಿಗೂ ನಾ ಹೇಳೂದು ಅದನ್ನs, ಈಗ ಹೆಂಗ ಬ್ಯಾಡ ಅನ್ನಲಿ?"

ಪರಮಾನಂದನಿಗೆ ಇನ್ನು ತಡೆಯಲಾಗಲಿಲ್ಲ. "ಬಾಯಾರ, ನಮ್ಮನಿ ಹೆರಿಗಿ ನೀವು ಮಾಡಿದ್ರಿ. ನಿಮ್ಮನಿದು ಇವರೆಲ್ಲಾ ಕೂಡಿ ಮಾಡಿದ್ರು. ನಾ ಏನೂ ಮಾಡಲಿಲ್ರಿ, ಕೆಡಿಸಿದೆ ಅಷ್ಟ. ಆದ್ರ ಭಾಳ ದಿನದಿಂದ ಒಂದು ಮಾತು ಹೇಳೂದಿತ್ರಿ. ನಿಮ್ಮಿಂದ ನನ್ನ ಮಗಳು ಅದಾಳ್ರಿ. ನಿಮ್ಮ ಉಪಕಾರ ಭಾಳ ಐತ್ರಿ," ಎಂದ. ಹೇಳಿ ಮುಗಿಸಿದ ಮೇಲೆ ಹೇಳಿದ್ದು ತಾನೇ ಹೌದೇ ಎಂದು ಸುತ್ತ ನೋಡಿದ.

ಗಾಜಿಗೆ ಮೂಗೊತ್ತಿ ಮರಿ ಎಣಿಸುತ್ತಿದ್ದ ಮಾಯಾಳನ್ನು ಶುಭದಾಬಾಯಿ ಹತ್ತಿರಕ್ಕೆ ಕರೆದು, ಅವಳ ಬೆನ್ನ ಮೇಲೆ ಕೈಯಿಟ್ಟರು. "ಇಕಿ ಏನು ಆವತ್ತಿನಾಕಿ? ಆವತ್ತ ಎಲ್ಲಾರ ಮುಂದ ನಾ ಗಟ್ಟಿ ನಿಂತಿದ್ದೆ ಪರಮಾನಂದ. ಆದ್ರ ಇಕಿ ಅಳೂ ತನಕಾ ನನಗೂ ಭಾಳ ಹೆದರಿಕಿ ಆಗಿತ್ತು," ಎಂದರು.

ಅನುರಾಧಾ ಸೆರಗು ಕಣ್ಣಿಗೆ ಹಚ್ಚಿದಳು. ಸೋಮವ್ವ ಹಚ್ಚಿದಳು. ಗಿರಿಮಲ್ಲಪ್ಪ ಗಿರಾಕಿಯ ಕೊರಳಿನ ಬಟ್ಟೆಯನ್ನೇ ಎಳೆದು ಮೂಗು ಒರೆಸಿಕೊಂಡ. ಅಣ್ಣಾಸಾಹೇಬರು ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡರು. ಲಗಮವ್ವ ಒಬ್ಬೊಬ್ಬರನ್ನೂ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಬಾಣಂತಿ ಮುಂದ ಅಳತಾರೇನ್ರಿ ಯಾರರೆ? ನಡೀರಿ, ಎಲ್ಲಾರೂ ಹೊರಗ ನಡೀರಿ!"